ಅತ್ತೆಯ ಬ್ಯಾಕ್ಟೀರಿಯಾ ಸಂಸಾರ

ನಮ್ಮ ಸೋದರತ್ತೆಗೆ ಯಾರನ್ನು ಕಂಡರೂ ಆಗುವುದಿಲ್ಲ ಎಂದು ನೆಂಟರಲ್ಲಿ ಒಂದು ಅಪವಾದವಿದೆ. ಶುದ್ಧ ಸುಳ್ಳು. ಅವಳಿಗೆ ಎಲ್ಲರೂ ಆಗುತ್ತಾರೆ. ಆದರೆ ಅವರು ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಯ ಮೇಲೆ ಹಿಡಿಸುವಷ್ಟು ಚಿಕ್ಕವರಾಗಿರಬೇಕು, ಮಾತಾಡಬಾರದು, ಮತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಒಬ್ಬರಿದ್ದವರು ಇಬ್ಬರಾಗಬೇಕು! ಈ ಮೂರು ಅರ್ಹತೆ ನಮ್ಮ ವಂಶದಲ್ಲಿ ಯಾರಿಗಿದೆ, ನೀವೇ ಹೇಳಿ? ನನ್ನನ್ನೇ ತೆಗೆದುಕೊಳ್ಳಿ. ಐದೂಮುಕ್ಕಾಲು ಅಡಿ ಇದ್ದೇನೆ, ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲ, ಇಪ್ಪತ್ತಾರು ತುಂಬಿದರೂ ಇನ್ನೂ ಒಬ್ಬನೇ ಇದ್ದೇನೆ. ಅತ್ತೆಯ ಪಾಲಿಗೆ ನಾನು ಪೂರ್ತಿ ವಿಫಲವಾದ ಒಂದು ಜೀವಿ.

ಅತ್ತೆ ಎಂದರೆ ಅಪ್ಪನ ತಂಗಿ. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಹೇಳಿಕೊಡುತ್ತಾಳೆ. ವಾಸ ಹಾಸನದಲ್ಲಿ, ನಮ್ಮ ಮನೆಯ ಮಹಡಿಯ ಮೇಲೆ. ನಾನು ಪಿಯುಸಿಗೆ ಸೇರಿದ ವರ್ಷವೇ ಅವಳು ಪಿಎಚ್.ಡಿ.ಗೆ ಸೇರಿದಳು. ಆಮೇಲೆ ನಾನು ಪಿಯುಸಿ ಮುಗಿಸಿದೆ, ಬಿ.ಎಸ್ಸಿ. ಸೇರಿದೆ, ಬಿ.ಎಸ್ಸಿ.ಯೇ ನನ್ನ ಕೈಬಿಟ್ಟಿತು, ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟೆ, ಸಂಜೆ ಹೊತ್ತು ಮದುವೆ, ರಾಜ್ಯೋತ್ಸವಗಳಲ್ಲಿ ಮಿಮಿಕ್ರಿ ಮಾಡಿ ಒಂದಿಷ್ಟು ಹೆಸರನ್ನೂ ಕೆಡಿಸಿಕೊಂಡೆ. ಅತ್ತೆಯ ಪಿಎಚ್.ಡಿ. ಮಾತ್ರ ಇದ್ದಲ್ಲೇ ಇತ್ತು. ಚನ್ನರಾಯಪಟ್ಟಣದ ದೊಡ್ಡಮ್ಮ ಒಂದು ಸಲ ತಡೆಯಲಾರದೆ ಕೇಳಿಯೇಬಿಟ್ಟರು.

“ಅಲ್ಲ ಕಣೇ, ಹತ್ತು ವರ್ಷದಿಂದ ಓದ್ತಾನೇ ಇದ್ದೀಯಲ್ಲ, ಪ್ರತಿ ವರ್ಷನೂ ಫೇಲಾಯ್ತೀಯಾ?”

“ಇದು ಸಂಶೋಧನೆ ಕಣತ್ತಿಗೆ. ಇದ್ರಲ್ಲಿ ಪಾಸು ಫೇಲು ಅಂತ ಇರಲ್ಲ.”

“ಹಂಗಾರೆ ಮುಗೀತು ಅಂತ ಹೆಂಗೆ ಗೊತ್ತಾಗುತ್ತೆ?”

ಈ ಪ್ರಶ್ನೆಗೆ ಉತ್ತರ ವಿಶ್ವವಿದ್ಯಾಲಯದವರ ಹತ್ತಿರವೂ ಇಲ್ಲ ಎಂದು ಕೇಳಿದ್ದೇನೆ.

ನಾನು ಅನುಕರಿಸದ ದನಿ ನಮ್ಮ ಬೀದಿಯಲ್ಲಿಲ್ಲ. ಎದುರುಮನೆಯ ಗ್ರೈಂಡರ್, ಅರಕಲಗೂಡಿನ ಮಾವನ ಗೊರಕೆ, ಗೊರೂರಿನ ಬಸ್ಸು ಏರಿಯ ಮೇಲೆ ಗೇರು ಬದಲಿಸುವಾಗ ಪಡುವ ಸಂಕಟ, ಎಲ್ಲ ಬರುತ್ತದೆ. ಆದರೆ ನನ್ನ ಶ್ರೇಷ್ಠ ಕೃತಿ ಅತ್ತೆಯೇ. ಮೊದಲು ಎರಡು ಒಣ ಕೆಮ್ಮು. ಆಮೇಲೆ “ಇಲ್ಲಿ ನೋಡಿ.” ಆಮೇಲೆ ವಿಷಯ. ಕೊನೆಗೆ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿ, “ಅರ್ಥ ಆಯ್ತಾ? ಆಗಿರಲ್ಲ, ಬಿಡಿ.” ಮುಗಿಯಿತು, ಇಷ್ಟೇ ಅತ್ತೆ! ನಾನು ಇದನ್ನು ಮಾಡಿದರೆ ಅಪ್ಪ ಬಾಯಲ್ಲಿದ್ದ ಮುದ್ದೆ ನುಂಗಲಾರದೆ ಒದ್ದಾಡುತ್ತಿದ್ದರು. ಮಹಡಿಯಿಂದ ಅತ್ತೆಯ ಕೂಗು ಬರುತ್ತಿತ್ತು: “ಯಾರಪ್ಪಾ ಅದು, ನನಗಿಂತ ಚೆನ್ನಾಗಿ ಪಾಠ ಮಾಡ್ತಿರೋದು? ಸಂಬಳನೂ ನೀನೇ ತಗೊ!”

ಅತ್ತೆಗೆ ಮದುವೆ ಯಾಕಾಗಲಿಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಒಂದು ಐತಿಹಾಸಿಕ ಪ್ರಸಂಗವಿದೆ. ನಾನು ಆಗ ಚಡ್ಡಿ ಹಾಕುವುದನ್ನೂ ಕಲಿತಿರಲಿಲ್ಲ, ಅಮ್ಮ ಹೇಳಿದ್ದನ್ನೇ ಹೇಳುತ್ತೇನೆ. ಅರಕಲಗೂಡಿನಲ್ಲಿ ನೆಂಟರ ಮದುವೆ. ಒಂದು ಒಳ್ಳೆಯ ಸಂಬಂಧದವರೂ ಅಲ್ಲಿಗೆ ಬಂದಿದ್ದರು. ಊಟ ಆದಮೇಲೆ ಹಾಗೇ ಹುಡುಗಿಯನ್ನು ನೋಡಿಬಿಡಲಿ ಎಂದು ಹಿರಿಯರ ಏರ್ಪಾಡು. ಊಟವಾಯಿತು, ಎಲೆ ಅಡಿಕೆಯಾಯಿತು, ಹುಡುಗಿ ಎಲ್ಲಿ? ಹುಡುಕಿ ಹುಡುಕಿ ಕೊನೆಗೆ ಹುಡುಗನ ತಾಯಿಗೇ ಸಿಕ್ಕಳು. ಅಡುಗೆಯವರ ಶಾಮಿಯಾನದ ಹಿಂದೆ, ರೇಷ್ಮೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಮುಸುರೆ ನೀರು ಹರಿಯುವ ಮೋರಿಯ ಕೆಸರನ್ನು ಪಾಯಸದ ಚಮಚದಲ್ಲಿ ಶೀಸೆಗೆ ತುಂಬುತ್ತಿದ್ದಳಂತೆ.

“ಏನವ್ವಾ ಉಡುಕ್ತಿದ್ದೀಯಾ?” ಎಂದರಂತೆ ಆ ತಾಯಿ.

“ಎಣ್ಣೆ ತಿನ್ನೋರನ್ನ.”

“ಯಾರವ್ವಾ ಅವ್ರು?”

“ಈ ಚಮಚದಲ್ಲೇ ಕೋಟಿಗಟ್ಟಲೆ ಇದ್ದಾರೆ. ನಿಮ್ಮ ಕಾಲ ಕೆಳಗೂ ಇದ್ದಾರೆ, ಸ್ವಲ್ಪ ಆಚೆ ನಿಂತ್ಕೊಳ್ಳಿ.”

ಆ ತಾಯಿ ಸ್ವಲ್ಪವಲ್ಲ, ತುಂಬಾ ಆಚೆ ನಿಂತುಕೊಂಡರು. ಹುಡುಗಿಗೆ ಗಾಳಿ ಸೋಕಿದೆ ಎಂದು ಸುದ್ದಿಯಾಯಿತು. ಆ ಸಂಬಂಧ ಅಲ್ಲೇ ಮುರಿಯಿತು. ಎಣ್ಣೆ ತಿನ್ನುವವರ ಸಂಬಂಧ ಕುದುರಿತು. ಶೀಸೆಯಲ್ಲಿ ಬಂದವರ ಮೇಲೆ ಅತ್ತೆ ತನ್ನ ಮೊದಲ ಲೇಖನ ಬರೆದಳು.

ಇಷ್ಟಕ್ಕೂ ಹತ್ತು ವರ್ಷದಿಂದ ಅವಳು ಹುಡುಕುತ್ತಿದ್ದುದೇನು? ಚನ್ನರಾಯಪಟ್ಟಣದ ಕಡೆ ಓಡಾಡಿದವರಿಗೆ ಹೇಳಬೇಕಾಗಿಲ್ಲ. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಮಿಲ್ಲುಗಳ ಹಿಂದೆ, ನಾರು ತೆಗೆದ ಮೇಲೆ ಉಳಿಯುವ ಪುಡಿ ಗುಡ್ಡಗುಡ್ಡವಾಗಿ ಬಿದ್ದಿರುತ್ತದೆ. ಬೇಗ ಕೊಳೆಯುವುದಿಲ್ಲ. ದನ ಮೂಸುವುದಿಲ್ಲ. ಮಳೆ ಬಂದರೆ ಅದರಿಂದ ಕಡುಕಂದು ನೀರು ಇಳಿದು ಹಳ್ಳ, ಕೆರೆ, ಬಾವಿ ಸೇರುತ್ತದೆ. ದೊಡ್ಡಮ್ಮನ ಮನೆಯ ಬಾವಿಗೂ ಸೇರಿತು. ಬಿಂದಿಗೆ ಬಿಟ್ಟರೆ ಡಿಕಾಕ್ಷನ್ ಮೇಲೆ ಬರುತ್ತಿತ್ತು! ಹಾಲು ಹಾಕಿದರೆ ಕಾಫಿಯೇ ಆಗುತ್ತದೇನೋ ಎಂದು ನಾನು ತಮಾಷೆ ಮಾಡಿ ದೊಡ್ಡಮ್ಮನ ಕೈಯಲ್ಲಿ ಸೌಟಿನ ಪೆಟ್ಟು ತಿಂದಿದ್ದೇನೆ. ಆ ಬಣ್ಣವನ್ನು ತಿಂದು ನೀರನ್ನು ತಿಳಿ ಮಾಡುವ ಒಂದು ಬ್ಯಾಕ್ಟೀರಿಯಾ ಎಲ್ಲಾದರೂ ಇದ್ದೇ ಇರುತ್ತದೆ ಎನ್ನುವುದು ಅತ್ತೆಯ ವಾದ. ಅದಕ್ಕಾಗಿ ಅವಳು ಕೆದಕದ ತಿಪ್ಪೆ ಜಿಲ್ಲೆಯಲ್ಲಿ ಉಳಿಯಲಿಲ್ಲ. ಬೇರೆಯವರು ನೆಂಟರ ಮನೆಗೆ ಹೋದರೆ ಮಕ್ಕಳು ಚೆನ್ನಾಗಿದ್ದಾರಾ ಎಂದು ಕೇಳುತ್ತಾರೆ. ಅತ್ತೆ ಕೇಳುತ್ತಿದ್ದುದು, “ತಿಪ್ಪೆ ಎಷ್ಟು ಹಳೇದು?”

ಅವಳಿಗೆ ಕಾರು ಓಡಿಸಲು ಬರುವುದಿಲ್ಲವಾದ್ದರಿಂದ ಈ ತಿಪ್ಪೆಯಾತ್ರೆಗಳಿಗೆಲ್ಲ ಸಾರಥಿ ನಾನು. ಹಾಗೆ ಹೋದದ್ದೇ ಹಳೇಕೋಟೆಗೆ. ಊರಾಚೆ ಒಬ್ಬ ಅಜ್ಜಿಯ ತಿಪ್ಪೆ. ಅಜ್ಜಿ ಅದಕ್ಕೆ ವರ್ಷಾನುಗಟ್ಟಲೆ ತೆಂಗಿನ ಸಿಪ್ಪೆ, ಗಂಜಲ, ಒಲೆಯ ಬೂದಿ ಹಾಕಿಕೊಂಡು ಬಂದಿದ್ದರು. ಅತ್ತೆ ಅದನ್ನು ಕಂಡು, ಬೇಲೂರು ಶಿಲ್ಪ ಕಂಡವರ ಹಾಗೆ ನಿಂತುಬಿಟ್ಟಳು. ಚಮಚ ತೆಗೆದಳು. ಅಜ್ಜಿ ಕೋಲು ತೆಗೆದರು.

“ಮುಟ್ಬ್ಯಾಡ ಕಣವ್ವ. ಇವತ್ತು ಸುಕ್ರವಾರ. ತಿಪ್ಪೆ ಗೊಬ್ರ ಆಚೆ ಕೊಟ್ರೆ ಲಕ್ಸ್ಮಿ ಒಂಟೋಯ್ತಾಳೆ.”

“ಒಂದೇ ಒಂದು ಚಮಚ ಅಜ್ಜಿ.”

“ಒಂದ್ ಚಮಚದಷ್ಟು ಲಕ್ಸ್ಮಿ ಓದ್ರೂ ಓದಂಗೇ ಅಲ್ವಾ?”

ವಿಜ್ಞಾನಕ್ಕೆ ಇದಕ್ಕೆ ಜವಾಬಿದೆಯೇ? ನಾವು ಬರಿಗೈಯಲ್ಲಿ ಹಾಸನಕ್ಕೆ ಬಂದು, ಶನಿವಾರ ಮತ್ತೆ ಹೋದೆವು. ಅಜ್ಜಿ ಸ್ವಂತ ಕೈಯಿಂದಲೇ ಒಂದು ಬೊಗಸೆ ತುಂಬಿಸಿ ಕೊಟ್ಟು, “ಮದ್ಲೇ ಏಳಿದ್ರೆ ಒಂದು ಗಾಡಿ ಒಡುಸ್ತಿದ್ದೆ” ಎಂದರು.

ಆ ಬೊಗಸೆಯಿಂದ ಅತ್ತೆಗೆ ಅವನು ಸಿಕ್ಕಿದ. ಗಾಜಿನ ತಟ್ಟೆಯಲ್ಲಿ ಕಂದು ಬಣ್ಣದ ಅಗರ್ ಎಂಬ ಗಟ್ಟಿ ಲೋಳೆ ಹಾಸಿ, ಅದರ ಮೇಲೆ ಬೆಳೆದ ಚುಕ್ಕೆಗಳನ್ನು ಎಣಿಸುತ್ತ ಹೋದರೆ ಹದಿನೇಳನೆಯ ಚುಕ್ಕೆಯ ಸುತ್ತ ಮಾತ್ರ ಬಣ್ಣ ಕರಗಿ, ಒಂದು ಉಂಗುರದಷ್ಟು ಜಾಗ ತಿಳಿಯಾಗಿತ್ತು. ಅಂದಿನಿಂದ ಅವನ ಹೆಸರು ಹದಿನೇಳು. ನಮ್ಮ ಮನೆಗೆ ಒಬ್ಬ ಹೊಸ ನೆಂಟ ಬಂದ ಹಾಗಾಯಿತು. “ಹದಿನೇಳು ಇವತ್ತು ಸರಿಯಾಗಿ ಊಟ ಮಾಡಲಿಲ್ಲ” ಎಂದು ಅತ್ತೆ ಮುಖ ಸಪ್ಪಗೆ ಮಾಡಿಕೊಂಡು ಬರುತ್ತಿದ್ದಳು. “ಹದಿನೇಳಕ್ಕೆ ಚಳಿ ಆಗಲ್ಲ” ಎಂದು ಕರೆಂಟು ಹೋದಾಗಲೂ ಅವನ ಪೆಟ್ಟಿಗೆ ಬೆಚ್ಚಗಿಡುವ ಬ್ಯಾಟರಿಗೆ ಅರ್ಜಿ ಬರೆದು ಪ್ರಿನ್ಸಿಪಾಲರ ಹಿಂದೆ ಅಲೆಯುತ್ತಿದ್ದಳು. ಅಮ್ಮನಿಗೆ ಉರಿ. “ನನ್ನ ಮಗ ಎರಡು ದಿನ ಉಪವಾಸ ಬಿದ್ದಿದ್ರೂ ಈ ಮನೇಲಿ ಕೇಳೋರಿಲ್ಲ. ಆ ಹದಿನೇಳಕ್ಕೆ ನೋಡು ಮರ್ಯಾದೆ!”

ಕಾಲೇಜಿನಲ್ಲಿ ಹದಿನೇಳರ ಬಿಡಾರ ಒಂದೇ ಕೋಣೆ. ಬಾಗಿಲ ಮೇಲೆ ‘ಸಂಶೋಧನಾ ಕೇಂದ್ರ’ ಎಂಬ ಬೋರ್ಡು. ಒಳಗೆ ಮೂವರು: ಅತ್ತೆ, ಗಣಿತದ ಮೇಷ್ಟ್ರು, ನ್ಯಾನೋ ಮೇಷ್ಟ್ರು. ಮೂವರೂ ಕಣ್ಣಿಗೆ ಕಾಣದ ವಸ್ತುವಿನ ವ್ಯಾಪಾರಿಗಳು! ಅತ್ತೆಯ ಸರಕು ಸೂಕ್ಷ್ಮದರ್ಶಕದಲ್ಲಾದರೂ ಕಂಡೀತು. ನ್ಯಾನೋ ಮೇಷ್ಟ್ರ ಸರಕು ಅದರಲ್ಲೂ ಕಾಣದು. ಗಣಿತದ ಮೇಷ್ಟ್ರದ್ದು ಇಲ್ಲವೇ ಇಲ್ಲ; ಇದೆ ಎಂದು ಇಟ್ಟುಕೊಳ್ಳಬೇಕು, ಅಷ್ಟೇ. ಅವರ ಸಂಶೋಧನೆಯನ್ನು ಕದಿಯಲು ಬಂದ ಕಳ್ಳ ಏನು ಒಯ್ಯಬೇಕೆಂದು ತಿಳಿಯದೆ ಕುರ್ಚಿ ಹೊತ್ತುಕೊಂಡು ಹೋದಾನು. ನ್ಯಾನೋ ಮೇಷ್ಟ್ರು ಸೊಪ್ಪಿನ ರಸ ಹಿಂಡಿ ಅದರಿಂದ ಅತಿ ಸಣ್ಣ ಲೋಹದ ಕಣಗಳನ್ನು ಮಾಡುತ್ತಾರೆ. ಬೇವಿನ ಸೊಪ್ಪಿಗೊಂದು ಲೇಖನ, ನುಗ್ಗೆ ಸೊಪ್ಪಿಗೊಂದು ಲೇಖನ, ಹೊಂಗೆಗೊಂದು. ಸಂತೆಯಲ್ಲಿ ಅವರು ಕಂಡರೆ ಸೊಪ್ಪಿನವಳು, “ಸಾ, ಇವತ್ತು ಪರೀಕ್ಸೆಗಾ ಸಾರಿಗಾ?” ಎಂದು ಕೇಳಿ ಕಟ್ಟು ಕೊಡುತ್ತಾಳೆ.

ಈ ಮೂವರ ಮೇಲೆ ನಾಲ್ಕನೆಯವರು ಅಟೆಂಡರ್ ಪುಟ್ಟರಾಜಣ್ಣ. ಹದಿನಾಲ್ಕು ವರ್ಷದಿಂದ ‘ತಾತ್ಕಾಲಿಕ’ವಾಗಿ ಕೆಲಸ ಮಾಡುತ್ತಿರುವ ಮನುಷ್ಯ. ಅವರಿಗೆ ವರ್ಷಕ್ಕೆ ಒಂದೇ ದೊಡ್ಡ ಹಬ್ಬ, ಆಯುಧಪೂಜೆ. ಒಂದು ವರ್ಷ ಭಕ್ತಿ ಉಕ್ಕಿ ಸೂಕ್ಷ್ಮದರ್ಶಕದ ಮಸೂರಕ್ಕೇ ಕುಂಕುಮ ಇಟ್ಟುಬಿಟ್ಟರು. ಮಾರನೆಯ ದಿನ ಅತ್ತೆ ಕಣ್ಣಿಟ್ಟು ನೋಡುತ್ತಾಳೆ, ಕೆಂಪುಕೆಂಪಾದ ಹೊಸ ಜೀವಿ! ಎರಡು ದಿನ ನೆಲದ ಮೇಲೆ ಕಾಲಿಡಲಿಲ್ಲ. ಹೆಸರೂ ಯೋಚಿಸಿದ್ದಳು. ಮೂರನೆಯ ದಿನ ಯಾವುದೋ ಬಟ್ಟೆಯಿಂದ ಒರೆಸಿದಾಗ ಜೀವಿ ಬಟ್ಟೆಗೆ ಬಂತು. ಅಂದಿನಿಂದ ಕಟ್ಟಪ್ಪಣೆ: ಹಬ್ಬವಿರಲಿ ಹುಣ್ಣಿಮೆಯಿರಲಿ, ಮೇಡಂ ಬಾಯಿಬಿಟ್ಟು ಹೇಳದೆ ಆ ಕೋಣೆಯಲ್ಲಿ ಒಂದು ಕಡ್ಡಿಯನ್ನೂ ಅಲುಗಿಸುವಂತಿಲ್ಲ.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಕಡೆಯ ಓಲೆ ಬಂತು. ನವೆಂಬರ್ ಕೊನೆಗೆ ಸಮಿತಿಯ ಮುಂದೆ ಹದಿನೇಳನ್ನು ತಂದು, ಕಂದು ನೀರನ್ನು ತಿಳಿ ಮಾಡಿ ತೋರಿಸಬೇಕು. ತೋರಿಸಿದರೆ ಡಾಕ್ಟರೇಟು. ಇಲ್ಲವಾದರೆ ಹತ್ತು ವರ್ಷದ ನೋಂದಣಿ ರದ್ದು. ಅತ್ತೆಗೆ ಭಯವೇ ಇರಲಿಲ್ಲ. ಹದಿನೇಳು ಊಟ ಚೆನ್ನಾಗಿ ಮಾಡುತ್ತಿದ್ದ. ಆಯುಧಪೂಜೆಯ ದಿನ ಬೆಳಿಗ್ಗೆಯೇ ಎರಡು ಕ್ಯಾನು ಹಿಡಿದು, ಸಮಿತಿಯ ಮುಂದೆ ಇಡಲಿಕ್ಕೆ ದೊಡ್ಡಮ್ಮನ ಬಾವಿಯ ನೀರನ್ನೇ ತರುತ್ತೇನೆಂದು ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋದಳು. ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ ಮರೆತಳು.

ಹತ್ತು ಗಂಟೆಗೆ ಆ ಫೋನು ಹೊಡೆದುಕೊಂಡಿತು. ಪುಟ್ಟರಾಜಣ್ಣ! ನಾವೆಲ್ಲ ನಡುಮನೆಯಲ್ಲಿ ಕಡ್ಲೆಪುರಿ ತಿನ್ನುತ್ತಿದ್ದೆವು. ಅಪ್ಪ ನನ್ನ ಕಡೆ ನೋಡಿದರು, ಅಮ್ಮ ಆಗಲೇ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇನ್ನು ಕಲಾವಿದನನ್ನು ಹಿಡಿಯುವವರುಂಟೇ? ಸ್ಪೀಕರ್ ಹಾಕಿದೆ. ಎರಡು ಕೆಮ್ಮು ಕೆಮ್ಮಿದೆ.

“ಮೇಡಂ, ಅಬ್ಬಕ್ಕೆ ಎಲ್ಲಾ ರೂಮೂ ತೊಳುದ್ವಿ. ನಿಮ್ಮುದ್ ಏನ್ ಮಾಡ್ಲಿ? ಬ್ಯಾಡ ಅಂ‌ದ್ರೆ ಬ್ಯಾಡ.”

“ಇಲ್ಲಿ ನೋಡಿ ಪುಟ್ಟರಾಜಣ್ಣ. ಈ ಸಲ ತಟ್ಟೆಗಳನ್ನೆಲ್ಲಾ ಫಳಫಳ ಹೊಳೆಯೋ ಹಾಗೆ ತೊಳೆದು ಪೂಜೆ ಮಾಡಿ. ಫ್ರಿಜ್ಜೂ ಖಾಲಿ ಮಾಡಿ, ಒಳಗೆ ಏನೂ ಇರಬಾರದು. ಅರ್ಥ ಆಯ್ತಾ? ಆಗಿರಲ್ಲ, ಬಿಡಿ.”

ಆ ಕಡೆಯಿಂದ ಪುಟ್ಟರಾಜಣ್ಣ, “ಆಯ್ತು ಮೇಡಂ” ಎಂದು ಫೋನಿಟ್ಟರು. ಇತ್ತ ಅಪ್ಪ ನೆಲದ ಮೇಲೆ ಉರುಳಾಡುತ್ತಿದ್ದರು. ಐದು ನಿಮಿಷ ಬಿಟ್ಟು ವಾಪಸ್ ಫೋನು ಮಾಡಿ ‘ತಮಾಷೆ ಕಣಣ್ಣ’ ಎನ್ನಬೇಕೆಂದು ನಾನು ಅಂದುಕೊಂಡಿದ್ದು ನಿಜ. ದೇವರಾಣೆಗೂ ನಿಜ. ಅಷ್ಟರಲ್ಲಿ ನನ್ನ ಅಂಗಡಿಯ ಪೂಜೆಗೆ ಪುರೋಹಿತರು ಬಂದರು, ಕುಂಬಳಕಾಯಿ ಒಡೆಯಬೇಕಿತ್ತು, ಗಾಡಿಗೆ ನಿಂಬೆಹಣ್ಣು ಕಟ್ಟಬೇಕಿತ್ತು. ನನ್ನ ಸ್ಪ್ಯಾನರು, ಸ್ಕ್ರೂಡ್ರೈವರುಗಳಿಗೆ ಒಂದೊಂದಾಗಿ ಹೂವಿಟ್ಟು ಕೈಮುಗಿದೆ. ಫೋನು ಮರೆತೇಹೋಯಿತು.

ಮೂರು ದಿನ ರಜೆ ಕಳೆದು, ಅತ್ತೆಯನ್ನೂ ಎರಡು ಕ್ಯಾನು ಬಾವಿನೀರನ್ನೂ ಗಾಡಿಯಲ್ಲಿ ಹೇರಿಕೊಂಡು ಹೊಳೆನರಸೀಪುರಕ್ಕೆ ಹೋದೆ. ಬಾಗಿಲಿಗೆ ಮಾವಿನ ಸೊಪ್ಪು. ಪುಟ್ಟರಾಜಣ್ಣ ಮದುವೆಮನೆಯ ಹಿರಿಯನ ಹಾಗೆ ಬಾಗಿಲಲ್ಲೇ ನಿಂತಿದ್ದರು. ಒಳಗೆ ನೋಡಿದರೆ, ಮೇಜಿನ ಮೇಲೆ ಸಾಲುಸಾಲಾಗಿ ನೂರಾರು ಗಾಜಿನ ತಟ್ಟೆಗಳು, ಕನ್ನಡಿಯಂತೆ ಹೊಳೆಯುತ್ತಿವೆ! ಪ್ರತಿಯೊಂದಕ್ಕೂ ವಿಭೂತಿ, ನಡುವೆ ಕುಂಕುಮ. ಫ್ರಿಜ್ಜಿನ ಬಾಗಿಲು ತೆರೆದಿದೆ, ಒಳಗೆ ಒಂದು ಸೇವಂತಿಗೆ ಹೂವು.

“ಎಂಗೈತೆ ಮೇಡಂ? ಒಂದೊಂದು ತಟ್ಟೆನೂ ಕುದ್ಯೋ ನೀರ್‌ಗಾಕಿ, ಸೋಪಾಕಿ, ಮೂರ್ ಮೂರ್ ಕಿತ ಉಜ್ಬುಟ್ಟೆ. ಆ ಸಣ್ಣ ಕೊಳ್ವೆಗ್ಳಿಗೆ ಬ್ರಸ್ಸೇ ಓಗ್ಲಿಲ್ಲ. ನನ್ ಎಂಡ್ರುನ್ನೇ ಕರ್ಸ್‌ದೆ.”

ಬೇರೆಲ್ಲೂ ಹದಿನೇಳನ್ನು ಇಟ್ಟಿರಲಿಲ್ಲವೇ ಎಂದು ತಿಳಿದವರು ಕೇಳಬಹುದು. ಇಟ್ಟಿದ್ದಳು, ಆ ಸಣ್ಣ ಕೊಳವೆಗಳಲ್ಲೇ. ಹೊರಗಿನ ಸಂಸ್ಥೆಯೊಂದಕ್ಕೆ ಕಳಿಸಿ ಕಾಪಾಡಿಸುವ ಅರ್ಜಿ ಪ್ರಿನ್ಸಿಪಾಲರ ಮೇಜಿನ ಮೇಲೆ ಮಲಗಿತ್ತು. ನಮ್ಮಲ್ಲಿ ಬ್ಯಾಕ್ಟೀರಿಯಾ ಇಬ್ಬರಾಗಲು ಇಪ್ಪತ್ತು ನಿಮಿಷ ಸಾಕು. ಒಂದು ಸಹಿಯಾಗಲು ಎರಡು ಸೆಮಿಸ್ಟರ್ ಬೇಕು.

“ಯಾರು ಹೇಳಿದ್ರು ಪುಟ್ಟರಾಜಣ್ಣ?” ಎಂದಳು ಅತ್ತೆ. ಕೆಮ್ಮಲಿಲ್ಲ.

“ನೀವೇ ಮೇಡಂ, ಫೋನಲ್ಲಿ. ‘ಅರ್ಥ ಆಗಿರಲ್ಲ ಬಿಡಿ’ ಅಂತ ಬೈದ್ರಲ್ಲಾ. ಅದ್ಕೇ ಸರ್ಯಾಗಿ ಮಾಡುವಾ ಅಂತ...”

ಅತ್ತೆ ತಿರುಗಿ ನನ್ನನ್ನು ನೋಡಲಿಲ್ಲ. ಒಂದು ತಟ್ಟೆ ಎತ್ತಿ ಬೆಳಕಿಗೆ ಹಿಡಿದಳು, ಕೆಳಗಿಟ್ಟಳು. “ಪ್ರಸಾದ ಎಲ್ಲಿ?” ಎಂದು ಕೇಳಿ ಒಂದು ಹಿಡಿ ಕಡ್ಲೆಪುರಿ ಇಸಿದುಕೊಂಡು ನಿಂತಲ್ಲೇ ತಿಂದಳು. ಗಣಿತದ ಮೇಷ್ಟ್ರು ಮೂಲೆಯಿಂದ, “ಇದಕ್ಕೇ ಮೇಡಂ ನಾನು ಹೇಳೋದು, ಗಣಿತ ತಗೋಬೇಕಿತ್ತು. ತೊಳೆಯಕ್ಕೆ ಏನೂ ಇರಲ್ಲ” ಎಂದರು. ಅವರ ಪ್ರಕಾರ ಅದು ಸಮಾಧಾನ.

ವಾಪಸ್ ಬರುವಾಗ ಹೇಮಾವತಿ ಸೇತುವೆಯ ಹತ್ತಿರ ಗಾಡಿ ನಿಲ್ಲಿಸಿದೆ. ಹೇಳಬೇಕೆಂದುಕೊಂಡ ಮಾತು ಯಾರ ದನಿಯಲ್ಲೂ ಬರಲಿಲ್ಲ.

“ಅತ್ತೆ, ಆ ಫೋನು...”

“ಗೊತ್ತು ಕಣೋ. ಅರ್ಥ ಆಗಿರಲ್ಲ ಅನ್ನೋದು ನಾನು ಪಿಎಚ್.ಡಿ. ಮಾಡಿರೋರಿಗೆ, ನಿಮ್ಮಪ್ಪನಿಗೆ. ಪುಟ್ಟರಾಜಣ್ಣನಿಗೆ ಯಾವತ್ತೂ ಅಂದಿಲ್ಲ. ಅವರಿಗೆ ಅರ್ಥ ಆಗುತ್ತೆ.” ಹಿಂದಿನ ಸೀಟಿನಲ್ಲಿ ಕ್ಯಾನಿನ ನೀರು ಕುಲುಕಿತು. “ನಡಿ. ಹಳೇಕೋಟೆಗೆ ತಿರುಗಿಸು.”

ಹಳೇಕೋಟೆಯಲ್ಲಿ ತಿಪ್ಪೆ ಇದ್ದ ಜಾಗದಲ್ಲಿ ಒಂದು ಗುಂಡಿಯಿತ್ತು. ತಳದಲ್ಲಿ ನಿನ್ನೆ ಮೊನ್ನೆಯ ಸಗಣಿ. ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಅಜ್ಜಿ, ಹಳೇ ಗೊಬ್ಬರ?”

“ಮುಂಗಾರ್ಗೇ ಒಲಕ್ಕೆ ಒಡುದ್ವಲ್ಲವ್ವ. ಅದು ಇಷ್ಟೊತ್ಗೆ ರಾಗಿ ಆಗೈತೆ. ರಾಗಿ ಬೇಕಾರೆ ತಗಂಡೋಗು.”

ಹೊಲದ ಮಣ್ಣು ತಂದೆವು. ಗುಂಡಿಯ ತಳ ಕೆರೆದು ತಂದೆವು. ಆ ತಿಂಗಳೆಲ್ಲ ನಾನು ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ, ಅತ್ತೆಯ ಪಕ್ಕದಲ್ಲಿ ನಿಂತು ತಟ್ಟೆ ತೊಳೆದೆ. ಹೌದು, ತೊಳೆದೆ! ಆ ಕೆಲಸದಲ್ಲಿ ನನಗೆ ಆಗಲೇ ಒಳ್ಳೆಯ ಅನುಭವವಿತ್ತಲ್ಲ. ಬಿಳಿ ಚುಕ್ಕೆ ಬಂತು, ಹಳದಿ ಚುಕ್ಕೆ ಬಂತು, ಬೂಸ್ಟು ಹಿಡಿಯಿತು. ಯಾವುದರ ಸುತ್ತಲೂ ಆ ತಿಳಿ ಉಂಗುರ ಬರಲಿಲ್ಲ. ಅಪ್ಪ ಊಟಕ್ಕೆ ಕೂತರೆ ಯಾರೂ ನಗಿಸುತ್ತಿರಲಿಲ್ಲ. ಮುದ್ದೆ ಸಲೀಸಾಗಿ ಇಳಿಯುತ್ತಿತ್ತು.

ಅತ್ತೆ ಇನ್ನೊಂದು ವರ್ಷ ಕೊಡಿ ಎಂದು ಬರೆದಳು. ವಿಶ್ವವಿದ್ಯಾಲಯದ ಉತ್ತರ ಈ ಸಲ ಮಿಂಚಿನಂತೆ ಬಂತು. ಸಿಬ್ಬಂದಿಯ ತಪ್ಪಿನಿಂದ ನಾಶವಾಗಿದ್ದರೆ ವರ್ಷ ಕೊಡಬಹುದು. ಆದರೆ ಸಂಶೋಧಕರ ಲಿಖಿತ ದೂರು ಮತ್ತು ತಪ್ಪಿತಸ್ಥರ ಮೇಲೆ ಕೈಗೊಂಡ ಕ್ರಮದ ಪ್ರತಿ ಲಗತ್ತಿಸತಕ್ಕದ್ದು. ಎರಡು ಸೆಮಿಸ್ಟರ್ ಒಂದು ಸಹಿ ಹಾಕದ ಪ್ರಿನ್ಸಿಪಾಲರು, ಪುಟ್ಟರಾಜಣ್ಣನನ್ನು ಕೆಲಸದಿಂದ ತೆಗೆಯುವ ಕಾಗದವನ್ನು ಒಂದೇ ಮಧ್ಯಾಹ್ನದಲ್ಲಿ ಟೈಪು ಮಾಡಿಸಿ ಸಹಿ ಹಾಕಿ ಇಟ್ಟುಕೊಂಡರು. ಅತ್ತೆಯ ದೂರೊಂದು ಬಂದರೆ ಸಾಕು.

“ನಾನು ಹೋಗಿ ಪ್ರಿನ್ಸಿಪಾಲರ ಹತ್ತಿರ ಒಪ್ಪಿಕೊಳ್ತೀನಿ ಅತ್ತೆ.”

“ಒಪ್ಕೊ. ‘ಯಾರೋ ಪೋಲಿ ಫೋನ್ ಮಾಡಿದ್ರೆ ತೊಳೆದುಬಿಡೋದಾ’ ಅಂತ ಅವರನ್ನೇ ಮೊದಲು ಆಚೆ ಹಾಕ್ತಾರೆ. ನಿನಗೇನು ಹೋಗುತ್ತೆ? ಅಂಗಡಿ ಇದೆ.” ಆಮೇಲೆ, “ನಾನು ಏನೋ ಒಂದು ಬರ್ಕೊಡ್ತೀನಿ ಬಿಡು” ಎಂದಳು. ದೂರು ಬರೆಯುತ್ತಾಳೆ ಎಂದೇ ನಾನು ತಿಳಿದೆ. ಹತ್ತು ವರ್ಷ ಯಾರಿಗೆ ತಾನೇ ಬೇಡ?

ಸಮಿತಿ ಹಾಸನದಲ್ಲೇ ಸೇರಿತು. ಯಾರು ಬೇಕಾದರೂ ಕೂತು ಕೇಳಬಹುದಾದ ಸಭೆ. ನಾನು ಕೊನೆಯ ಬೆಂಚಿನಲ್ಲಿ, ಅಂದರೆ ನನ್ನ ಖಾಯಂ ಜಾಗದಲ್ಲಿ, ಕೂತಿದ್ದೆ. ವೇದಿಕೆಯ ಮೇಲೆ ಮೂವರು ಪ್ರೊಫೆಸರುಗಳು, ಗೋಡಂಬಿ, ಬಿಸ್ಕೆಟ್ಟು. ಎದುರಿಗೆ ಅತ್ತೆ.

“ಮೇಡಂ, ದೂರಿನ ಪತ್ರ ತಂದಿದ್ದೀರಲ್ಲ? ಕೊಡಿ, ವರ್ಷ ಕೊಟ್ಟು ಮುಗಿಸಿಬಿಡೋಣ” ಎಂದರು ಅಧ್ಯಕ್ಷರು. ಕೆಟ್ಟವರೇನಲ್ಲ. ಊಟದ ಹೊತ್ತು ಹತ್ತಿರವಾಗಿತ್ತು.

ಅತ್ತೆ ಕಾಗದ ಕೊಟ್ಟಳು. ಅವರು ಮೈಕಿನಲ್ಲೇ ಓದಿದರು. “ಪ್ರಯೋಗಾಲಯದ ತಟ್ಟೆಗಳನ್ನೂ ಶೀತಲ ಪೆಟ್ಟಿಗೆಯನ್ನೂ ತೊಳೆಯುವಂತೆ ಸಿಬ್ಬಂದಿಗೆ ದೂರವಾಣಿಯಲ್ಲಿ ನಾನೇ ಸೂಚಿಸಿದ್ದೆ. ಸಿಬ್ಬಂದಿಯದು ಯಾವ ತಪ್ಪೂ ಇರುವುದಿಲ್ಲ.” ಓದಿದವರು ಕನ್ನಡಕ ತೆಗೆದರು. “ನೀವೇ ಹೇಳಿದ್ರಾ?”

“ಹೌದು ಸಾರ್.”

“ಯಾಕೆ?”

“ಆಯುಧಪೂಜೆ ಇತ್ತು ಸಾರ್.”

ಸಭೆ ನಕ್ಕಿತು. ಎಂಥ ನಗು ಅಂತೀರಿ! ನಾನು ಇಷ್ಟು ವರ್ಷ ಮಿಮಿಕ್ರಿ ಮಾಡಿದ್ದೇನೆ, ಅಂಥ ನಗುವನ್ನು ಒಂದು ಸಲವೂ ಪಡೆದಿಲ್ಲ. “ಬ್ಯಾಕ್ಟೀರಿಯಾ ಸಾಕಿ ಸಾಕಿ ಸೋಪು ಹಾಕಿ ತೊಳೆದ ವಿಜ್ಞಾನಿ ನೀವೊಬ್ಬರೇ ಇರಬೇಕು ಮೇಡಂ” ಎಂದರು ಎರಡನೆಯವರು. ಗೋಡಂಬಿಯ ತಟ್ಟೆ ಮೂರನೆಯವರ ಕಡೆ ಸರಿಯಿತು. ನಾನು ಎದ್ದು ನಿಂತೆ. ಅತ್ತೆ ಅಲ್ಲಿಂದಲೇ, ಗಲಾಟೆ ಮಾಡುವ ಹುಡುಗನಿಗೆ ಹೇಳುವ ಹಾಗೆ, “ಕೂತ್ಕೊ” ಎಂದಳು. ಕೂತೆ. ನೋಂದಣಿ ರದ್ದಾಯಿತು. ಬೇಕಾದರೆ ಪ್ರವೇಶ ಪರೀಕ್ಷೆ ಬರೆದು ಹೊಸದಾಗಿ ಸೇರಬಹುದು ಎಂದು ಅಧ್ಯಕ್ಷರು ಹೇಳಿ ಊಟಕ್ಕೆ ಎದ್ದರು.

ಪುಟ್ಟರಾಜಣ್ಣ ಈಗಲೂ ಅದೇ ಕಾಲೇಜಿನಲ್ಲಿ ಇದ್ದಾರೆ, ಈಗಲೂ ತಾತ್ಕಾಲಿಕ. “ಮೇಡಂಗೇ ಮರ್ತೋಗಿ ತೊಳ್ಯಕ್ಕೇಳ್ಬುಟ್ರು ಪಾಪ, ವಯಸ್ಸಾಯ್ತಲ್ಲ” ಎಂದು ಎಲ್ಲರ ಹತ್ತಿರ ಮರುಗುತ್ತಾರೆ. ಅತ್ತೆ ಅದನ್ನು ಕೇಳಿಸಿಕೊಂಡು ತಲೆಯಾಡಿಸುತ್ತಾಳೆ.

ಮೊನ್ನೆ ಜನವರಿಯ ಒಂದು ಭಾನುವಾರ ಆ ಪ್ರವೇಶ ಪರೀಕ್ಷೆ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ಅತ್ತೆಯನ್ನು ಗೇಟಿನ ಹತ್ತಿರ ಇಳಿಸಿದೆ. ಐವತ್ತೊಂದನೆಯ ವಯಸ್ಸಿನಲ್ಲಿ ಎರಡು ಪೆನ್ನು, ಒಂದು ನೀರಿನ ಬಾಟಲಿ, ಹಾಲ್ ಟಿಕೆಟ್ಟು. ಸಾಲಿನಲ್ಲಿ ಇದ್ದವರೆಲ್ಲ ಅವಳ ಹತ್ತಿರ ಓದಿದ ಮಕ್ಕಳೇ. ಒಬ್ಬ ಹುಡುಗಿ ಓಡಿ ಬಂದಳು. “ನಮಸ್ತೆ ಮೇಡಂ! ನಮ್ಮ ರೂಮಿಗೆ ನೀವೇನಾ ಸೂಪರ್‌ವೈಸರು?”

“ಇಲ್ಲ ಕಣಮ್ಮ. ನಾನೂ ಬರೆಯಕ್ಕೆ ಬಂದಿರೋದು.”

ಹುಡುಗಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಎರಡು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ನಾನು ಆಗ ಕೇಳಿದೆ.

“ಅತ್ತೆ, ಆವತ್ತು ಯಾಕೆ ಹಂಗೆ ಬರ್ಕೊಟ್ಟೆ? ಸುಳ್ಳಲ್ವಾ ಅದು?”

“ಯಾವುದ್ಲಾ ಸುಳ್ಳು?”

“ನೀನೇ ಹೇಳಿದ್ದು ಅಂತ.”

ಅತ್ತೆ ಹಾಲ್ ಟಿಕೆಟ್ಟಿನ ಮೇಲಿನ ಫೋಟೋ ಸರಿಯಾಗಿ ಅಂಟಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. “ಪುಟ್ಟರಾಜಣ್ಣ ಆವತ್ತು ಕೇಳಿದ್ದು ನನ್ನ ದನಿ ಕಣೋ. ಬೇಡ ಅಂದ್ರೆ ಬೇಡ ಅಂತ ಕೇಳಿನೇ ಮಾಡಿದ್ರು. ನನ್ನ ದನಿ ನಂಬಿದೋರಿಗೆ ನಾನಲ್ದೆ ಇನ್ಯಾರು ಜವಾಬು ಕೊಡ್ಬೇಕು?”

ಗಂಟೆ ಹೊಡೆಯಿತು. ತನ್ನ ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. ಸಾಲು ತಾನಾಗಿಯೇ ಎರಡಾಗಿ ಸರಿದು ದಾರಿ ಬಿಟ್ಟಿತು. “ಮುಂದೆ ಬನ್ನಿ ಮೇಡಂ, ಮುಂದೆ ಬನ್ನಿ.”

“ಏನ್ರೇ ಇದು, ನಂಬರ್ ಪ್ರಕಾರ ನಿಂತ್ಕೊಳ್ಳಿ. ನನ್ನದು ಕೊನೇದು” ಎಂದು ಬೈದು, ಅತ್ತೆ ಆ ಮಕ್ಕಳನ್ನೆಲ್ಲ ದಾಟಿಕೊಂಡು ಹಿಂದಕ್ಕೆ ಹೋದಳು, ಎಲ್ಲರ ಹಿಂದೆ, ಎರಡು ಪೆನ್ನುಗಳನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಳು.